ಅಣ್ಣನ ಭಾರಕ್ಕೆ ಹೊಂದಿಸಿದ ಸ್ಪ್ರಿಂಗ್

ಗಲ್ಫಿನ ಕೆಲಸ ಬಿಟ್ಟು ಬೆಳುವಾಯಿಯ ಮನೆಗೆ ಬರುವಾಗ ಅಣ್ಣ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಮೌಂಟನ್ ಬೈಕ್ ತಂದಿದ್ದ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಗೇರ್ ಸೈಕಲ್‌ಗಳು ಮೂಡುಬಿದಿರೆಗೆ ಆಗಲೇ ಬಂದಿದ್ದವು. ಆದರೆ ಸೀಟಿನ ಕೆಳಗೆ ಇಷ್ಟು ದಪ್ಪ ಸ್ಪ್ರಿಂಗಿನ ಶಾಕ್ ಅಬ್ಸಾರ್ಬರ್ ಇರುವುದನ್ನು ನಮ್ಮ ಕಡೆಯವರು ನೋಡಿರಲಿಲ್ಲ. ಪಕ್ಕದ ಮನೆಯವರು ಸುತ್ತು ಹಾಕಿ ನೋಡಿ, "ಕ್ಯಾರಿಯರೇ ಇಲ್ಲ ಮಾರಾಯ! ಅಕ್ಕಿ ಮೂಟೆ ತಲೆ ಮೇಲೆ ಇಟ್ಕೊಳ್ಳುವುದಾ?" ಎಂದರು.

"ಇದು ಮನುಷ್ಯರಿಗೆ ಮಾತ್ರ," ಎಂದ ಅಣ್ಣ.

ನಾನು ಬಂಟ್ವಾಳದ ಬೈಕ್ ರಿಪೇರಿ ಅಂಗಡಿಯಿಂದ ಕೊಕ್ಕೆಯಂಥ ಸ್ಪ್ಯಾನರ್ ತಂದು, ಸ್ಪ್ರಿಂಗನ್ನು ತುದಿಯಲ್ಲಿ ಒತ್ತಿ ಹಿಡಿಯುವ ಬಳೆಯನ್ನು ಪೂರ್ತಿ ಬಿಗಿ ಮಾಡಿಬಿಟ್ಟೆ. ನಮ್ಮಲ್ಲಿ ಮೋಟಾರ್ ಬೈಕಿಗೆ ಎಲ್ಲರೂ ಮಾಡಿಸುವುದು ಹಾಗೆಯೇ. ಹಿಂದೆ ಯಾವಾಗಲೂ ಒಬ್ಬರೋ ಒಂದು ಮೂಟೆಯೋ ಇರುತ್ತದೆ. ಅಣ್ಣ ಕೂತು ನೋಡಿ ನಕ್ಕ. "ನಾನು ಎಂತ, ಹಿಂದೆ ನಿನ್ನ ಅತ್ತಿಗೆಯನ್ನು ಕೂರಿಸ್ತೇನಾ? ಸಡಿಲ ಮಾಡು. ಕೂತಾಗ ಸೀಟು ಸ್ವಲ್ಪ ಇಳಿಯಬೇಕು. ಹೆಚ್ಚೂ ಇಳಿಯಬಾರದು, ಕಮ್ಮಿಯೂ ಇಳಿಯಬಾರದು."

ಅವನು ಗೋಡೆಗೆ ಕೈ ಕೊಟ್ಟು ಸೀಟಿನ ಮೇಲೆ ಕೂರುವುದು, ನಾನು ನೆಲದಲ್ಲಿ ಕೂತು ಸ್ಪ್ರಿಂಗ್ ಎಷ್ಟು ಕುಗ್ಗಿತೆಂದು ನೋಡುವುದು. ಬಳೆಯನ್ನು ತಿರುಗಿಸಿ, ಮತ್ತೆ ಕೂರಿಸಿ ನೋಡುವುದು. ಸರಿಯಾದ ಮೇಲೆ ಅಣ್ಣ ಕೆಂಪು ಮುರಕಲ್ಲಿನ ಗುಡ್ಡದ ದಾರಿಯಲ್ಲಿ ಹೋಗಿ, ಬೆವರು ಒರೆಸಿಕೊಳ್ಳುತ್ತ ವಾಪಸು ಬಂದ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅದೇ ದಾರಿ.

ಮರುವರ್ಷ ಅವನಿಗೆ ಹೊಟ್ಟೆಯ ಕಾಯಿಲೆ ಶುರುವಾಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವುದು, ಬಂದು ಮಲಗುವುದು. ಸ್ವಲ್ಪ ಚೇತರಿಸಿಕೊಂಡ ದಿನ ಸೈಕಲ್ ಹೊರಗೆ ತೆಗೆಯುತ್ತಿದ್ದ. ಸೈಕಲ್ ತುಳಿಯುವವನಿಗೆ ಏನೂ ಆಗಿಲ್ಲ ಎಂಬುದು ಅವನ ಲೆಕ್ಕ. ನಮ್ಮೆಲ್ಲರ ಲೆಕ್ಕವೂ ಅದೇ ಆಗಿತ್ತು.

ಒಂದು ಬೆಳಿಗ್ಗೆ ಬೇಗ ವಾಪಸು ಬಂದವನು, "ಸ್ಪ್ರಿಂಗ್ ಗಟ್ಟಿಯಾಗಿ ಉಂಟು. ಕಲ್ಲು ಸಿಕ್ಕಿದರೆ ಬೆನ್ನಿಗೇ ಬಡಿತದೆ," ಎಂದ.

ಸ್ಪ್ರಿಂಗ್ ತಾನಾಗಿ ಗಟ್ಟಿಯಾಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಮಳೆಗೆ ತುಕ್ಕು ಹಿಡಿದಿರಬೇಕು," ಎಂದು ನಾನು ಎಣ್ಣೆ ಬಿಟ್ಟು ಬಳೆಯನ್ನು ಸಡಿಲಿಸಿದೆ. ಅವನು ಕೂತ. ಸೀಟು ಇಳಿಯಿತು. ಇಬ್ಬರಿಗೂ ಸಮಾಧಾನವಾಯಿತು.

ಆಮೇಲೆ ಪ್ರತಿ ಸಲ ಆಸ್ಪತ್ರೆಯಿಂದ ಬಂದಾಗಲೂ ಅದೇ ಕೆಲಸ. ಮನೆಯಲ್ಲಿ ಯಾರೂ ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸಲಿಲ್ಲ. ಅತ್ತಿಗೆ ಅವನ ಅಂಗಿಗಳನ್ನು ಸದ್ದಿಲ್ಲದೆ ಒಳಗೆ ಹಿಡಿದು ಚಿಕ್ಕದಾಗಿ ಹೊಲಿಯುತ್ತಿದ್ದರು. ನಾನು ಬಳೆ ತಿರುಗಿಸುತ್ತಿದ್ದೆ, ಸ್ಪ್ರಿಂಗನ್ನು ಬೈಯುತ್ತಿದ್ದೆ.

ಬೇಸಿಗೆಯ ಕೊನೆಗೆ ಬಳೆ ಥ್ರೆಡ್ಡಿನ ತುದಿಗೆ ಬಂತು. ಸ್ಪ್ರಿಂಗ್ ಹಿಡಿತವಿಲ್ಲದೆ ಅಲ್ಲಾಡುತ್ತಿತ್ತು. ಅಣ್ಣ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ ಕೊಟ್ಟು ಕೂತ. ಸೀಟು ಬೇಕಾದಷ್ಟು ಇಳಿಯಲಿಲ್ಲ.

"ಇನ್ನು ಸ್ವಲ್ಪ ಸಡಿಲ ಬಿಡುವ," ಎಂದ.

"ಇನ್ನು ಬಿಡ್ಲಿಕ್ಕೆ ಇಲ್ಲ ಅಣ್ಣ."

ಅವನು ಬಗ್ಗಿ ನೋಡಿದ. "ಹಾಗಾದ್ರೆ ಇನ್ನು ನಾನೇ ದಪ್ಪ ಆಗ್ಬೇಕಷ್ಟೆ," ಎಂದ. ನಗಲು ನೋಡಿದೆ, ಆಗಲಿಲ್ಲ. ಅವನ ಕಾಯಿಲೆಯ ಬಗ್ಗೆ ನಾವಿಬ್ಬರೂ ಆಡಿದ ಮಾತು ಅದೊಂದೇ. ಆ ಮಧ್ಯಾಹ್ನ ಅವನು ಗಂಜಿಯನ್ನು ಎರಡನೇ ಸಲ ಬಡಿಸಿಕೊಂಡ. ಉಣ್ಣಲಾಗಲಿಲ್ಲ. ಬಟ್ಟಲಿನ ಮುಂದೆ ತುಂಬ ಹೊತ್ತು ಕೂತಿದ್ದ.

ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟ.

ಉಜಿರೆಯ ಕಾಲೇಜಿಗೆ ಹೋಗುವ ಸಂಬಂಧಿಕರ ಹುಡುಗ ಸೈಕಲ್ ಕೇಳಿದ. ಅತ್ತಿಗೆ ಕೊಡು ಎಂದರು, ಬೆಳ್ತಂಗಡಿಯ ಬಸ್ಸಿನ ಮೇಲೆ ಹಾಕಿ ಕಳಿಸಬಹುದಿತ್ತು. ಕಳಿಸುವ ಮೊದಲು ಸರಿಯಿದೆಯೇ ನೋಡೋಣವೆಂದು ಹತ್ತಿ ಕೂತೆ. ನನ್ನ ಭಾರಕ್ಕೆ ಸೀಟು ತೀರಾ ಕೆಳಗೆ ಕುಸಿಯಿತು. ಯಾರೇ ತುಳಿಯುವುದಿದ್ದರೂ ಬಳೆಯನ್ನು ಬಿಗಿ ಮಾಡಲೇಬೇಕು.

ಇಳಿದು ಸೈಕಲನ್ನು ಒಳಗಿಟ್ಟೆ. ಹುಡುಗನಿಗೆ ಕೆಟ್ಟುಹೋಗಿದೆ ಎಂದು ಹೇಳಿ ಕಳಿಸಿದೆ.