ಡಿಪೋ ತಾತ ನೋಡಿದ ಪೆಟ್ಟಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಉಗುರಿನಿಂದಲೇ ಹಳೆಯ ಮರದ ಬಣ್ಣ ಕೆರೆದು, ಮೂಸಿ, ಅದು ಯಾವ ಪೆಟ್ಟಿಗೆಯೆಂದು ಹೇಳುತ್ತಿದ್ದರು. ಸೇನೆಯ ಮದ್ದುಗುಂಡಿನ ಡಿಪೋದಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಚಳ್ಳಕೆರೆಗೆ ಬಂದು, ನಮ್ಮ ಹಳೇ ಸಾಮಾನಿನ ಅಂಗಡಿಯ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದರು. ಡಿಪೋ ತಾತ ಅನ್ನುತ್ತಿದ್ದೆವು. ಬೆಳಿಗ್ಗೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಮಾತಾಡಲು ಅವರಿಗೆ ನನ್ನನ್ನು ಬಿಟ್ಟು ಯಾರೂ ಇಲ್ಲವೆಂದು ಆಗ ನನಗೆ ಹೊಳೆದಿರಲಿಲ್ಲ.

ಅಪ್ಪ ಹೋದ ಮೇಲೆ ಅಂಗಡಿ ನನ್ನ ಪಾಲಿಗೆ ಬಂದಿತ್ತು. ಬಂದೂಕಿನ ತುದಿಗೆ ಸಿಕ್ಕಿಸಿ ಹಾರಿಸುತ್ತಿದ್ದ ಹಳೇ ಗ್ರೆನೇಡುಗಳ ಅಸಲಿ ಪೆಟ್ಟಿಗೆ ಬೇಕೆಂದು ದೂರದ ಊರಿನ ಸಂಗ್ರಾಹಕರೊಬ್ಬರು ಹೇಳಿದ್ದರು. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ರೇಷ್ಮೆ ನೂಲು ತುಂಬಿಡುತ್ತಿದ್ದ, ಹಗ್ಗದ ಹಿಡಿಕೆಯ, ಸೇನೆಯದೇ ಒಂದು ಹಳೇ ಪೆಟ್ಟಿಗೆ ಸಿಕ್ಕಿತು. ಪೇಂಟರ್ ಕೈಯಲ್ಲಿ ಅದರ ಮೇಲೆ ಗ್ರೆನೇಡ್ ಪೆಟ್ಟಿಗೆಯ ಅಕ್ಷರ, ಅಂಕಿ ಬರೆಸಿ, ಹಳತಾಗಿ ಕಾಣಲೆಂದು ಧೂಳು ತಿಕ್ಕಿ ಇಟ್ಟೆ.

ನೋಡಲು ಬಂದ ಸಂಗ್ರಾಹಕರು, ಇದು ಅಸಲಿಯೇ ಎಂದು ಸ್ಟೂಲಿನ ಮೇಲಿದ್ದ ತಾತನನ್ನೇ ಕೇಳಿದರು. ತಾತ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದರು.

"ಗ್ರೆನೇಡ್ ಅಲ್ಲಾಡದಂಗೆ ಕೂರ್ಸೋಕೆ ಒಳಗೆ ಹಲಗೆ ಇರ್ತಾವೆ ಸಾರ್. ಕಿತ್ರೂ ಅವು ಕೂತಿದ್ದ ಕಚ್ಚು ಉಳೀತೈತೆ. ಇದ್ರಾಗೆ ಇಲ್ಲ. ಇದು ಬರೀ ಬಂದೂಕಿನ ಗುಂಡು ತುಂಬೋ ತೋಟಾ ಪೆಟ್ಟಿಗೆ." ಆಮೇಲೆ ಅಕ್ಷರ ಕೆರೆದರು. "ಬಣ್ಣ ಮೊನ್ನೇದು."

ಸಂಗ್ರಾಹಕರು ನನ್ನ ಮುಖವನ್ನೂ ನೋಡದೆ ಹೊರಟುಹೋದರು.

"ಇನ್ ಮ್ಯಾಲೆ ಅಂಗಡಿಗೆ ಬರಬ್ಯಾಡ್ರಿ" ಎಂದೆ. ತಾತ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

ಎಂಟು ದಿನ ಬರಲಿಲ್ಲ. ಒಂಬತ್ತನೇ ದಿನ ನಾನೇ ಹೋದೆ. ಗೋಡೆಯ ಕಡೆ ಮುಖ ಮಾಡಿ ಮುದ್ದೆ ಉಣ್ಣುತ್ತಿದ್ದರು.

"ಯಾಕಂಗೆ ಹೇಳಿದ್ರಿ ತಾತ?"

"ಡಿಪೋದಾಗೆ ಒಂದ್ಸಲ ನಾನೇ ತಪ್ಪು ಬರೆದಿದ್ದೆ ಕಣವ್ವ. ತುಂಬಿದ ಪೆಟ್ಟಿಗೆ ಮ್ಯಾಲೆ ಖಾಲಿ ಅಂತ. ಅದನ್ನ ನಂಬಿ ಒಬ್ಬ ಸುತ್ತಿಗೇಲಿ ಬಡಿದು ತೆಗೆದ. ಎರಡೂ ಕೈ ಹೋದ್ವು." ತುತ್ತು ಬೆರಳಲ್ಲೇ ಇತ್ತು. "ನನ್ನ ಹೆಂಡ್ತಿಗೂ ಹೇಳಿರ್ಲಿಲ್ಲ."

ನಾಳೆ ಬನ್ನಿ ಎಂದಷ್ಟೇ ಹೇಳಿ ಬಂದೆ. ಬಂದರು. ಮುಂದಿನ ಎರಡು ವರ್ಷ ಮರ, ಮೊಳೆ, ಕಚ್ಚುಗಳನ್ನು ಓದುವುದು ಕಲಿಸಿದರು. ಇಂದಿಗೂ ಆ ವಿದ್ಯೆಯಿಂದಲೇ ನನ್ನ ಅಂಗಡಿ ನಡೆಯುತ್ತಿದೆ.

ಕಳೆದ ಬೇಸಿಗೆಯಲ್ಲಿ ತಾತ ಕೋಣೆಯಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯ ಅರ್ಜಿಯಲ್ಲಿ 'ಸಂಬಂಧ' ಎಂದಿದ್ದ ಕಡೆ 'ಮಗಳು' ಎಂದು ಬರೆಯಬೇಕೆನಿಸಿತು. ಆದರೆ 'ಪಕ್ಕದ ಅಂಗಡಿಯವಳು' ಎಂದು ಬರೆದೆ.

ಮರುದಿನ ತೀರಿಕೊಂಡರು. ದೇಹ ಒಪ್ಪಿಸುವಾಗ ಸಿಬ್ಬಂದಿಯೊಬ್ಬರು ಆ ಅರ್ಜಿ ಓದಿ ಕೇಳಿದರು: "ಸ್ವಂತದೋರು ಯಾರೂ ಇಲ್ವಾ?"

"ನಾನಿದೀನ್ರಿ" ಎಂದೆ.