ರೆಕ್ಕೆಯ ಪಕ್ಕದ ಸೀಟು

ಮೊಮ್ಮಕ್ಕಳೇ, ವಿಶಾಖಪಟ್ಟಣದ ನಿಮ್ಮ ಸೋದರಮಾವನ ಮನೆಯಿಂದ ವಿಜಯವಾಡದ ನಿಮ್ಮ ಮನೆಗೆ ನಾನೊಬ್ಬಳೇ ವಿಮಾನದಲ್ಲಿ ಬಂದದ್ದನ್ನು ನಿಮ್ಮ ಅಮ್ಮ ನಗುತ್ತಾ ಹೇಳುತ್ತಾಳೆ. ನನಗೆ ಮಾತ್ರ ಇನ್ನೂ ಸಿಟ್ಟು ಇಳಿದಿಲ್ಲ.

ವಿಮಾನ ಮೇಲೇರಿದ ಮೇಲೆ ಒಬ್ಬ ಯುವಕ ಬಂದು ನಿಂತ.

"ಅಜ್ಜೀ, ನೀವು ಕನ್ನಡದೋರಲ್ವಾ? ಫೋನಲ್ಲಿ ಮಾತಾಡ್ತಿದ್ದಿದ್ದು ಕೇಳಿಸ್ತು."

ಅಚ್ಯುತಾಪುರದ ಔಷಧಿ ಕಾರ್ಖಾನೆಯಲ್ಲಿ ಕೆಲಸವಂತೆ. ನನ್ನ ಪಕ್ಕ ಕೂತಿದ್ದವಳು ಅವನ ಹೊಸ ಹೆಂಡತಿ. ಅವನ ಸೀಟು ಮುಂದೆ, ರೆಕ್ಕೆಯ ಹತ್ತಿರ.

"ನೀವು ಅಲ್ಲಿ ಕೂತ್ಕೊಳ್ಳಿ ಅಜ್ಜೀ, ಕಾಲು ಚಾಚೋಕೆ ಜಾಗ ಇದೆ."

ಬ್ಯಾಂಕಿನ ವರ್ಗಾವಣೆಗಳಲ್ಲಿ ನಿಮ್ಮ ತಾತನ ಹಿಂದೆ ಆಂಧ್ರವೆಲ್ಲ ಅಲೆದವಳು ನಾನು. ಆ ಕಡೆ ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ ಕೇಳಿದ್ದನ್ನು ಕೊಟ್ಟುಬಿಡುವ ದುರಭ್ಯಾಸ ನಮಗೆಲ್ಲ. ಎದ್ದು ಹೋದೆ. ಅದು ತುರ್ತು ಬಾಗಿಲಿನ ಸೀಟು ಎಂದು ಅವನು ಹೇಳಲಿಲ್ಲ.

ಇನ್ನೇನು ಇಳಿಯಬೇಕು, ವಿಮಾನ ಸುತ್ತತೊಡಗಿತು. ಕೆಳಗೆ ಕೃಷ್ಣಾ ನದಿ, ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಚಿಮಣಿಗಳು. ಮತ್ತೆ ನದಿ, ಮತ್ತೆ ಅದೇ ಚಿಮಣಿಗಳು. ಪೈಲಟ್ ಇಂಗ್ಲಿಷಿನಲ್ಲಿ ಏನೋ ಹೇಳಿದ, ಹಿಂದಿಯಲ್ಲೂ ಹೇಳಿದ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳಿಗೆ ಯಾವುದು ತಿಳಿಯಬೇಕು? ಸುತ್ತಲಿನ ಮುಖಗಳು ಬಾಡಿದವು. ಕೇಳಲು ನನಗೆ ನಾಚಿಕೆ.

ಕೊನೆಗೆ ಗಗನಸಖಿ ಬಂದು ತೆಲುಗಿನಲ್ಲಿ ಹೇಳಿದಳು. ಇಳಿಯುವಾಗ ರೆಕ್ಕೆಯ ಹಿಂಬದಿಯ ಹಲಗೆಗಳು ಕೆಳಗೆ ಬಾಗಬೇಕಂತೆ, ಆಗಲೇ ವೇಗ ತಗ್ಗಿಸಲು ಸಾಧ್ಯವಂತೆ. ಅವು ಸಿಕ್ಕಿಕೊಂಡಿವೆ. ವಿಮಾನ ಜೋರಾಗಿಯೇ ನೆಲ ಮುಟ್ಟುತ್ತದೆ. ಹೊರಗೆ ಹಾರಬೇಕಾಗಿ ಬಂದರೆ ನಾನು ಈ ಹಿಡಿ ಎಳೆದು, ಬಾಗಿಲನ್ನು ಎತ್ತಿ ಆಚೆ ಎಸೆಯಬೇಕು.

"ಚೇಯಗಲರಾ ಅಮ್ಮಾ?" ಮಾಡಬಲ್ಲಿರಾ ಎಂದು ಕೇಳಿದಳು.

ನಾನು ಹೂಂ ಎಂದೆ! ಕುಕ್ಕರ್ ಮುಚ್ಚಳ ತೆಗೆಯಲೂ ಸೊಸೆಯನ್ನು ಕರೆಯುವವಳು ನಾನು. ಎಲ್ಲರಿಗೂ ತಲೆಯಾಡಿಸಿ ಆಡಿಸಿ ಬಂದ ಚಾಳಿ ಅದು. ಅವಳು ಎರಡು ಹೆಜ್ಜೆ ಹೋದಳು. ನನ್ನ ಸಂಕೋಚಕ್ಕೆ ಹಿಂದೆ ಕೂತವರೆಲ್ಲ ಸಾಯಬೇಕೆ ಎನ್ನಿಸಿ ನನ್ನ ಮೇಲೇ ರೇಗಿತು.

"ಅಮ್ಮಾ, ನಾ ವಲ್ಲ ಕಾದು!" ಎಂದು ಕೂಗಿದೆ. ನನ್ನಿಂದ ಆಗದು ಎಂದು ಅಷ್ಟು ಜನರೆದುರು ಹೇಳಿದ್ದು ಅದೇ ಮೊದಲು.

ಸೀಟು ಬದಲಾದದ್ದು ತಿಳಿದು ಗಗನಸಖಿ ನನ್ನನ್ನು ಹಿಂದಕ್ಕೆ ಕರೆದೊಯ್ದು, ಆ ಯುವಕನನ್ನು ಸೀಟಿನಿಂದ ಎಬ್ಬಿಸಿದಳು. ಅವನು ನನ್ನನ್ನೇ ಬೇಡಿದ.

"ಇವ್ಳು ಹೆದರ್ಕೊಂಡಿದಾಳೆ ಅಜ್ಜೀ. ಪ್ಲೀಸ್, ನೀವೇ ಅಲ್ಲಿರಿ."

"ಇವಳ ಕೈ ನಾನೂ ಹಿಡ್ಕೋಬಹುದಪ್ಪ. ಆ ಬಾಗಿಲು ನನ್ ಕೈಲಿ ಎತ್ತಕ್ಕಾಗಲ್ಲ. ನಡಿ."

ಮುಖ ಸಿಂಡರಿಸಿಕೊಂಡು ಹೋದ. ಆ ಹುಡುಗಿ ನನ್ನ ಬೆರಳು ಮುರಿಯುವಂತೆ ಹಿಡಿದಳು. ವಿಮಾನ ನೆಲಕ್ಕೆ ಬಡಿದು, ಇನ್ನು ನಿಲ್ಲುವುದೇ ಇಲ್ಲವೇನೋ ಎಂಬಂತೆ ಓಡಿ, ಕೊನೆಗೆ ನಿಂತಿತು. ಅಗ್ನಿಶಾಮಕ ಗಾಡಿಯವರು ಬಂದು ಕಾದುಹೋಗಿದ್ದ ಚಕ್ರಗಳನ್ನು ನೋಡಿದರು. ಯಾರಿಗೂ ಏನೂ ಆಗಲಿಲ್ಲ.

ಇಳಿಯುವಾಗ ಆ ಮಹಾರಾಯ ಹತ್ತಿರ ಬಂದ.

"ಬಾಗಿಲು ತೆಗೆಯೋದೇ ಬೇಕಾಗ್ಲಿಲ್ವಲ್ಲ ಅಜ್ಜೀ. ಸುಮ್ನೆ ನನ್ನ ಎಬ್ಬಿಸಿದ್ರಿ."

"ಬೇಕಾಗಲ್ಲ ಅಂತ ನಿಂಗೆ ಮೊದ್ಲೇ ಯಾರು ಹೇಳಿದ್ರು?" ಎಂದೆ.

ಅವನ ಹೆಂಡತಿ ನನ್ನ ಚೀಲವನ್ನು ಎತ್ತಿ ಅವನ ಕೈಗೆ ಕೊಟ್ಟಳು.