ಮಾಸ್ತರರ ಬಲಗಾಲು

"ನಮ್ಮ ಮನೆತನದಾಗ ಡಿಗ್ರಿ ಯಾರಿಗೂ ಆಗಂಗಿಲ್ಲ. ಅದ್ರಾಗೂ ಈಕಿ ಪೇಟಿ ಒತ್ತಿ ಡಿಗ್ರಿ ತರ್ತಾಳಂತ!" ಎಂದವರು ನಮ್ಮ ದೊಡ್ಡಪ್ಪ. ನಮ್ಮ ಕೊಟ್ಟೂರು ಕಡೆಯ ಅರಸೀಕೆರೆಯ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತ, ಗಿರಾಕಿಗಳ ಎದುರೇ ನನ್ನನ್ನು ತೋರಿಸಿ ಅಂದರು. ಹಾಗೆ ಅನ್ನದಿದ್ದವರು ಕೊಟ್ಟೂರಿನಲ್ಲಿ ಹಾರ್ಮೋನಿಯಂ ಕಲಿಸುತ್ತಿದ್ದ ನಮ್ಮ ಪೇಟಿ ಮಾಸ್ತರರು ಒಬ್ಬರೇ.

ಅವರನ್ನು ನೆನೆದರೆ ಮುಖಕ್ಕಿಂತ ಮೊದಲು ಬಲಗಾಲು ಕಣ್ಣಿಗೆ ಬರುತ್ತದೆ. ಪ್ರಾಯದಲ್ಲಿ ನಾಟಕಗಳಿಗೆ ಕಾಲುಪೇಟಿ ನುಡಿಸಿದವರು. ಗಾಳಿಗೆ ಕಾಲಿನಿಂದ ತುಳಿಯುತ್ತಲೇ ಇರಬೇಕು, ಕೈ ಎರಡೂ ಸ್ವರದ ಮನೆಗಳ ಮೇಲೆ. ನಾಟಕ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆ ಕಾಲು ನಿಂತಿರಲಿಲ್ಲ. ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ, ಕ್ಷೌರದ ಕುರ್ಚಿಯಲ್ಲೂ ತುಳಿತವೇ. ಬಲಗಾಲಿನ ಚಪ್ಪಲಿ ಮೊದಲು ಸವೆಯುತ್ತಿತ್ತು. "ನೆಲ ತೂತು ಬಿದ್ದೀತು, ಒಂದೀಟು ಸುಮ್ಕಿರ್ರಿ" ಎಂದು ಅವರ ಹೆಂಡತಿ ಬೈಯುತ್ತಿದ್ದರು.

ಬಿ.ಎ.ಯಲ್ಲಿ ನನಗೆ ಸಂಗೀತವೂ ಒಂದು ವಿಷಯ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ವಾದ್ಯವೃಂದದ ಕ್ಯಾಸೆಟ್ ಹಾಕಿ ಶ್ರುತಿ, ಲಯ, ಭಾವ ಯಾವುದೆಂದು ಕೇಳುತ್ತಿದ್ದರು. ರೇಡಿಯೋ ಕೂಡ ಇಲ್ಲದ ಮನೆಯವಳು ನಾನು. ಪಿಟೀಲುಗಳೆಲ್ಲ ಒಟ್ಟಿಗೆ ಎದ್ದಾಗ ಕಂಗಾಲಾದೆ. ಲಯ ಜೋರಿತ್ತು, "ಸಂತೋಷ" ಎಂದೆ. ತಪ್ಪಾಯಿತೆಂದು ಪರೀಕ್ಷಕರ ಮುಖದಲ್ಲೇ ಕಂಡಿತು. ಆಮೇಲೆ ಹಾಡಲೂ ದನಿ ಏಳಲಿಲ್ಲ. ನಪಾಸಾದೆ. ದೊಡ್ಡಪ್ಪ ಅವ್ವನಿಗೆ ಹೇಳಿಬಿಟ್ಟರು: "ಇನ್ನೊಮ್ಮೆ ಕುಂದ್ರಲಿ. ಆಗ್ಲಿಲ್ಲಂದ್ರ ಪುಸ್ತಕ ಕಟ್ಟಿಡೋದು, ಹಡಗಲಿ ಗಂಡಿಗೆ ಹೂಂ ಅನ್ನೋದು."

ಅಳುತ್ತ ಹೋದರೆ ಮಾಸ್ತರರು ನಕ್ಕರು. "ಓಡೋರೆಲ್ಲ ಖುಷಿಗೇ ಓಡ್ತಾರೇನವ್ವಾ? ಬಸ್ ತಪ್ಪಿದೋನೂ ಓಡ್ತಾನ. ಅದು ಚಡಪಡಿಕಿ."

ಯಾರಿಂದಲೋ ಅಂಥದೇ ಒಂದು ಕ್ಯಾಸೆಟ್ ತಂದರು. ಅವರ ಮನೆಗೆ ಹಿಟ್ಟಿನ ಗಿರಣಿಯ ಗೋಡೆ ಅಂಟಿಕೊಂಡಿತ್ತು. ಗಿರಣಿ ಶುರುವಾದರೆ ಕರೆಂಟು ಕುಗ್ಗಿ, ಬಲ್ಬು ಕೆಂಪಗಾಗಿ, ಟೇಪು ನಿಧಾನವಾಗಿ ಎಳೆಯುತ್ತಿತ್ತು. ಪೇಟಿ ಒತ್ತಿ ನೋಡಿದರೆ ಕರಿ ಎರಡನೇ ಮನೆಯಲ್ಲಿದ್ದ ಶ್ರುತಿ ಬಿಳಿ ಎರಡನೇ ಮನೆಗೆ ಇಳಿದಿರುತ್ತಿತ್ತು. ನನಗೆ ಸಿಟ್ಟು. "ಗಿರಣಿ ನಿಂತ ಮ್ಯಾಲೆ ಕೇಳೋಣ್ರಿ ಮಾಸ್ತರ್ರೇ."

"ಬ್ಯಾಡ, ಈಗ್ಲೇ ಕೇಳು. ಶ್ರುತಿ ಇಳೀತು. ಲಯ ಇಳೀತು. ಚಡಪಡಿಕಿ ಇಳೀತೇನು?"

ಇಳಿದಿರಲಿಲ್ಲ. ಅಷ್ಟು ನಿಧಾನದಲ್ಲೂ ಆ ಪಿಟೀಲುಗಳು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

"ಯಾಕಂದ್ರ, ಸ್ವರಕ್ಕ ಷಡ್ಜಾನ ಮನಿ. ಅದು ಊರೆಲ್ಲ ತಿರುಗ್ತೈತಿ, ಷಡ್ಜದ ಬಾಗಿಲತನಕ ಬರ್ತೈತಿ, ಒಳಗ ಬಂದು ಕುಂದ್ರವಲ್ದು. ನನ್ನಂಗ," ಎಂದರು, ಕಾಲು ತುಳಿಯುತ್ತಲೇ.

ಎರಡನೇ ಸಲದ ಪರೀಕ್ಷೆಯಲ್ಲಿ ಹಾಕಿದ್ದು ನಿಧಾನದ ಕ್ಯಾಸೆಟ್. ನನಗಿಂತ ಮೊದಲು ಒಳಗೆ ಹೋದವರು "ಶಾಂತ ಅಂದ್ವಿ" ಎನ್ನುತ್ತ ಹೊರಬಂದಿದ್ದರು. ನಾನು ಅಪ್ಪಣೆ ಕೇಳಿ ಪೇಟಿ ಒತ್ತಿದೆ. ಶ್ರುತಿ ಬಿಳಿ ನಾಲ್ಕು. ಲಯ ವಿಳಂಬಿತ. ಶಾಂತ ಎನ್ನಲು ಬಾಯಿ ತೆರೆದವಳಿಗೆ ಸೀರೆಯೊಳಗೆ ನನ್ನ ಬಲಗಾಲು ತುಳಿಯುತ್ತಿರುವುದು ಗೊತ್ತಾಯಿತು. ಕಾದೆ. ಕೊಳಲು ಷಡ್ಜದ ಪಕ್ಕದ ನಿಷಾದದವರೆಗೆ ಬಂತು, ಬಾಗಿಲಲ್ಲೇ ತಿರುಗಿ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

"ಚಡಪಡಿಕೆ, ಸರ್."

"ಇಷ್ಟು ನಿಧಾನ ಇದೆಯಲ್ಲಮ್ಮಾ?"

ಹೆದರಿಕೆಗೆ ಊರ ಮಾತೇ ಬಂತು. "ಗಿರಣಿ ಚಾಲೂ ಐತಿ ಅನ್ಕಳ್ರಿ ಸರ್. ಷಡ್ಜಕ್ಕ ಬಂದು ಕುಂತೇ ಇಲ್ಲ."

ಅವರಿಗೆ ಗಿರಣಿ ಅರ್ಥವಾಗಲಿಲ್ಲ, ಷಡ್ಜ ಅರ್ಥವಾಯಿತು. ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿ, ತಲೆಯಾಡಿಸಿದರು. ಆಮೇಲೆ ಹಾಡಿದಾಗ ದನಿ ತಾನಾಗಿ ಎದ್ದಿತು.

ಪಾಸಾದ ಸುದ್ದಿ ಕೇಳಿದ ದಿನ ಮಾಸ್ತರರ ಕಾಲಿನ ತುಳಿತ ಜೋರಾಗಿ ದ್ರುತಕ್ಕೆ ಹೋಯಿತು. ಆ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಭಾಗಕ್ಕೇ. ನಾನು ಹೋದಾಗ ಆ ಕಾಲು ಕಂಬಳಿಯ ಕೆಳಗೆ ಅಲುಗದೆ ಬಿದ್ದಿತ್ತು. ಗಿರಣಿ ಮಾತ್ರ ಓಡುತ್ತಿತ್ತು. ಯುಗಾದಿಗೆ ಅವರಿಲ್ಲ.

ಪದವಿ ಪ್ರಮಾಣಪತ್ರ ಬಂದದ್ದು ಅದಾದ ಮೇಲೆ. ನೇರ ಸಂತೆಗೆ ಹೋಗಿ ದೊಡ್ಡಪ್ಪನ ಕೈಗೇ ಕೊಟ್ಟೆ. ಮೆಣಸಿನಕಾಯಿ ಘಾಟಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದರು. ಓದು ಬಾರದು. ನನ್ನ ಹೆಸರು ಎಲ್ಲಿದೆಯೆಂದು ಕೇಳಿದರು, ತೋರಿಸಿದೆ. ಬಹಳ ಹೊತ್ತು ನೋಡಿದರು, ಹಿಂದೆ ತಿರುವಿದರು, ಮತ್ತೆ ಮುಂದೆ ತಿರುವಿದರು.

"ಮಾಸ್ತರ ಹೆಸರು ಎಲ್ಲೈತವ್ವಾ, ಇದ್ರಾಗ?"